ಉಳಿದಿರುವ ಶಕ್ತಿ ಯಾರದು?

ಒಂದು ಯಂತ್ರ ಈಗ ಕೊಡುತ್ತಿರುವುದಕ್ಕಿಂತ ಹೆಚ್ಚು ಕೊಡಬಲ್ಲದು ಎಂದು ನಮಗೆ ಗೊತ್ತಿದೆ ಎಂದಿಟ್ಟುಕೊಳ್ಳಿ. ಅಷ್ಟು ಗೊತ್ತಿದ್ದ ಮಾತ್ರಕ್ಕೆ ಆ ಹೆಚ್ಚಿನದನ್ನು ಕೇಳುವ ಹಕ್ಕು ನಮಗೆ ಬರುತ್ತದೆಯೇ? ಕೇಳಲು ಇದು ವೇದಾಂತದ ಪ್ರಶ್ನೆಯಂತಿದೆ. ಆದರೆ ದುಡಿದು ಹಳೆಯದಾದ ಡೀಸೆಲ್ ಟ್ರಕ್ಕಿನ ಬಾನೆಟ್ ಎತ್ತಿ ನಿಂತವರಿಗೆ ಇದು ದಿನನಿತ್ಯದ ಪ್ರಶ್ನೆ.

ಕಮ್ಮಿನ್ಸ್ ಕಂಪನಿಯ ಬಿ ಸರಣಿಯ 5.9 ಲೀಟರ್, ಆರು ಸಿಲಿಂಡರಿನ ಎಂಜಿನ್ನನ್ನೇ ನೋಡಿ. 1989ರಲ್ಲಿ ಅಮೆರಿಕದ ಡಾಡ್ಜ್ ಪಿಕಪ್ ಟ್ರಕ್ಕಿಗೆ ಅದನ್ನು ಕೂರಿಸಿದಾಗ ಕೊಟ್ಟದ್ದು 160 ಅಶ್ವಶಕ್ತಿ. 1996ರ ಹೊತ್ತಿಗೆ, ಕೈಯಲ್ಲಿ ಗೇರು ಹಾಕುವ ಗಾಡಿಗಳಲ್ಲಿ, 215. ದೋಣಿಗಳಿಗೆಂದು ತಯಾರಾದ ಇದೇ ಕುಟುಂಬದ ಎಂಜಿನ್ 300 ದಾಟುತ್ತದೆ. ಇದು ನಮಗೂ ದೂರದ ನೆಂಟ ಅಲ್ಲ. 1993ರಲ್ಲಿ ಶುರುವಾದ ಟಾಟಾ ಕಮ್ಮಿನ್ಸ್ ಜಮ್‌ಶೇಡ್‌ಪುರದಲ್ಲಿ ಇದೇ ಸರಣಿಯ ಎಂಜಿನ್ನುಗಳನ್ನು ಮಾಡಿ ಟಾಟಾ ಲಾರಿಗಳಿಗೆ ಕೊಟ್ಟಿತು. ನಾನಿರುವ ಪುಣೆಗೆ ಕಮ್ಮಿನ್ಸ್ ಬಂದದ್ದು 1962ರಲ್ಲಿ, ಬೆಳಗಾವಿಯಲ್ಲಿ ವ್ಯಾಪಾರ ಶುರುಮಾಡಿದ ಕಿರ್ಲೋಸ್ಕರ್ ಮನೆತನದ ಜೊತೆಗೂಡಿ.

1994ರಿಂದ 1998ರವರೆಗಿನ ಆ ಡಾಡ್ಜ್‌ಗಳಲ್ಲಿ ಇರುವುದು ಬಾಷ್ ಕಂಪನಿಯ ಪಿ7100 ಎಂಬ ಯಾಂತ್ರಿಕ ಪಂಪು. ಅದರಲ್ಲಿ ಎಷ್ಟು ಡೀಸೆಲ್ ಹೋಗಬೇಕೆಂದು ಮಿತಿ ಕಾಯುವ ಒಂದು ಪುಟ್ಟ ತಗಡು ಇದೆ. ತಿರುಪು ಸಡಿಲಿಸಿ ಅದನ್ನು ಮುಂದೆ ಸರಿಸಿದರೆ ಸಾಕು, ಗಾಡಿ ಜಿಗಿಯುತ್ತದೆ. ಕಾಸಿನ ಖರ್ಚಿಲ್ಲ. ಆದರೆ ಇಂಧನದಷ್ಟೇ ಗಾಳಿಯೂ ಹೆಚ್ಚದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಅರೆಬೆಂದ ಡೀಸೆಲ್ ಕಪ್ಪು ಹೊಗೆಯಾಗುತ್ತದೆ, ಉಗುಳುವ ಗಾಳಿಯ ಬಿಸಿ ಏರುತ್ತದೆ. ಟರ್ಬೋಗೆ ಮುನ್ನ ಅಳೆದ ಆ ಬಿಸಿ ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೆಚ್ಚು ಹೊತ್ತು ಎಳೆಸಬಾರದು ಎಂಬುದು ಬಲ್ಲವರ ರೂಢಿಯ ಲೆಕ್ಕ. ಅಲ್ಯೂಮಿನಿಯಮ್ ಕರಗುವುದು 660 ಡಿಗ್ರಿಗೆ. ಪಿಸ್ಟನ್ ಉಳಿದಿರುವುದು ಕೆಳಗಿನಿಂದ ಚಿಮ್ಮುವ ಎಣ್ಣೆಯ ತಂಪಿನಿಂದ, ಮತ್ತು ಬಿಸಿ ಬಡಿದಂತೆಯೇ ಬಿಡುವೂ ಸಿಗುವುದರಿಂದ.

ಹಾಗಾಗಿ ಬಲ್ಲ ಮೆಕ್ಯಾನಿಕ್ ಇಂಧನಕ್ಕೆ ಕೈಹಾಕುವುದು ಕೊಟ್ಟಕೊನೆಗೆ. ಮೊದಲು ಅಳತೆ: ಬಿಸಿಗೊಂದು, ಟರ್ಬೋ ಒತ್ತಡಕ್ಕೊಂದು ಮೀಟರು. ಆಮೇಲೆ ಇರುವ ದೌರ್ಬಲ್ಯದ ರಿಪೇರಿ. ಈ ಎಂಜಿನ್ನಿನ ಮುಂಭಾಗದ ಒಂದು ಡೋವೆಲ್ ಪಿನ್ನು ಕಂಪನಕ್ಕೆ ಸಡಿಲವಾಗಿ ಗೇರುಗಳ ನಡುವೆ ಬಿದ್ದು ಎಂಜಿನ್ನನ್ನೇ ಹಾಳುಮಾಡಿದ್ದುಂಟು. ಅದು ಹೊರಬರದಂತೆ ಒಂದು ಚೂರು ತಗಡು ಅಡ್ಡ ಕೊಡಬೇಕು. ಆಮೇಲೆ ರೇಡಿಯೇಟರ್, ಕ್ಲಚ್ಚು, ಬ್ರೇಕು. ಆಮೇಲೆ ಗಾಳಿ. ಡೀಸೆಲ್ಲು ಎಲ್ಲಕ್ಕಿಂತ ಕೊನೆಗೆ. ತಾಳಿಕೊಳ್ಳುವ ಶಕ್ತಿ ಮೊದಲು, ಕೇಳಿಕೆ ನಂತರ. ಈ ಅನುಕ್ರಮದಲ್ಲೇ ಒಂದು ನೀತಿ ಇದೆ ಎಂದು ನನಗನ್ನಿಸುತ್ತದೆ.

ಕೊಡಬಲ್ಲದ್ದಕ್ಕೂ ಕೊಡುತ್ತಿರುವುದಕ್ಕೂ ನಡುವಿನ ಅಂತರವನ್ನು ನಾವು ಕಂಪನಿಯ ಜಿಪುಣತನ ಎಂದುಕೊಳ್ಳುತ್ತೇವೆ, ಇಲ್ಲವೇ ಯಾರೂ ಕೇಳದೆ ಬಿದ್ದಿರುವ ಹಣ ಎಂದು. ಆದರೆ ಅದರ ಬಹುಪಾಲನ್ನು ಆಗಲೇ ಬೇರೆಯವರಿಗೆ ಬರೆದುಕೊಟ್ಟಾಗಿದೆ. ಮೇ ತಿಂಗಳ ಮಧ್ಯಾಹ್ನಕ್ಕೆ, ಕಲಬೆರಕೆ ಡೀಸೆಲ್ಲಿಗೆ, ತಪ್ಪಿದ ಒಂದು ಸರ್ವಿಸಿಗೆ, ಎಂಜಿನ್ನಿನಷ್ಟು ಗಟ್ಟಿಯಲ್ಲದ ಗೇರ್‌ಬಾಕ್ಸಿಗೆ. ಕಾಣದ ಸಾಲಗಾರರು ಇವರೆಲ್ಲ. ಕೇಳಲು ಬಂದಾಗ ಕೊಡಲು ಕೈಯಲ್ಲಿ ಏನಾದರೂ ಇರಬೇಕು.

ಹಾಗೆಂದು ಇದ್ದದ್ದು ಇದ್ದಂತೆಯೇ ಇರಲಿ ಎನ್ನುವುದೂ ನ್ಯಾಯವಲ್ಲ. ಹೊಸ ಗಾಡಿ ಕೊಳ್ಳಲಾಗದವನಿಗೆ ಹಳೆಯದೇ ಗತಿ. ಅವನಿಗೆ ಎಳೆಯಬೇಕಾದ ಭಾರ ನಿಜ, ಕಟ್ಟಬೇಕಾದ ಕಂತೂ ನಿಜ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಉದ್ದ ಹಾಸಿಗೆಯವರು ಹೇಳುವುದು ಸುಲಭ. ಎಂದೂ ಬಳಸದ ಶಕ್ತಿಯೂ ಒಂದು ರೀತಿಯ ವ್ಯರ್ಥವೇ. ನನ್ನ ತಕರಾರು ಕೇಳುವುದರ ಬಗ್ಗೆ ಅಲ್ಲ. ಬೆಲೆ ಯಾರು ತೆರುತ್ತಾರೆ ಎಂಬುದರ ಬಗ್ಗೆ.

ಊರಿಗೆ ಹೋಗಿಬರುವ ನಮಗೆಲ್ಲ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯುವ ರಸ್ತೆ ಗೊತ್ತು. ಬ್ರೇಕು ಹಿಡಿಯದ ಲಾರಿಗಳು ಅಲ್ಲಿ ಮುಂದಿದ್ದ ವಾಹನಗಳಿಗೆ ನುಗ್ಗಿವೆ. ಹೆಚ್ಚಿದ ಅಶ್ವಶಕ್ತಿ ಖಂಬಾಟಕಿ ಘಾಟನ್ನು ಹತ್ತಿಸುತ್ತದೆ, ಇಳಿಸುವುದಿಲ್ಲ. ಶಕ್ತಿ ಇದೆಯೆಂದು ಭಾರವೂ ಹೆಚ್ಚಿದರೆ ಹಳೆಯ ಬ್ರೇಕಿಗೆ ಯಾರೂ ಹೇಳದೆ ಹೊಸ ಕೆಲಸ ಬಿದ್ದಿರುತ್ತದೆ. ಹೊಗೆ ಕುಡಿಯುವವರು ಹಿಂದಿನ ಸ್ಕೂಟರಿನವರು. ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿಯಲ್ಲಿರುವ ತಯಾರಕರ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ತಡೆಯುವುದು ಸುಮ್ಮನೆ ಅಲ್ಲ: ಗಾಡಿ ನನ್ನದು, ರಸ್ತೆ ಎಲ್ಲರದು. ಅಳತೆಯ ರೋಲರ್ ಮೇಲೆ ನಿಂತು ತೋರಿಸುವ ಅಂಕಿಯೇನೋ ಇರಬಹುದು. ಉತ್ತರನ ಪೌರುಷವೂ ಒಲೆಯ ಮುಂದೆ ಹಾಗೆಯೇ ಇತ್ತು.

ಈ ವಾರ ನನ್ನ ಮೇಜಿನ ಮೇಲೂ ಇಂಥದೇ ಒಂದು ಕೇಳಿಕೆ ಇದೆ. ಹಳೆಯದೊಂದು ಸಿಸ್ಟಮ್ಮು, ಅದನ್ನು ಬಲ್ಲ ಒಂಬತ್ತು ಜನ. ಮುಂದಿನ ಮೂರು ತಿಂಗಳು ಅವರಿಂದಲೇ ಕಾಲುಭಾಗ ಹೆಚ್ಚು ಕೆಲಸ ಬೇಕಂತೆ. ಅವರು ಮಾಡಬಲ್ಲರು, ನನಗೆ ಗೊತ್ತು. ಎಂಟೆಕ್‌ನಲ್ಲಿ ಓದಿದ ಸರದಿಯ ಸಾಲಿನ ಗಣಿತವೂ ಗೊತ್ತು. ಅದರ ಅತಿ ಸರಳ ಮಾದರಿಯಲ್ಲಿ, ಕೆಲಸಗಾರನ ಸಮಯದಲ್ಲಿ ಶೇಕಡ 80 ತುಂಬಿದ್ದರೆ ಸರಾಸರಿ 4 ಕೆಲಸ ಬಾಕಿ, 90 ತುಂಬಿದರೆ 9, 95ಕ್ಕೆ 19. ಖಾಲಿ ಕಾಣುವ ಆ ಕೊನೆಯ ಭಾಗದಲ್ಲೇ ಒಬ್ಬಳ ಮಗುವಿನ ಜ್ವರ, ಇನ್ನೊಬ್ಬನ ಊರಿನ ಅಪ್ಪನ ಆಪರೇಷನ್ನು, ಎಲ್ಲರ ನಿದ್ದೆ ಇರುವುದು.

ಯಂತ್ರಕ್ಕೂ ಮನುಷ್ಯರಿಗೂ ಒಂದು ವ್ಯತ್ಯಾಸವುಂಟು. ಎಂಜಿನ್ನು ಬಿಸಿಯಾದರೆ ಮೀಟರು ತೋರಿಸುತ್ತದೆ. ಮನುಷ್ಯರು "ಪರವಾಗಿಲ್ಲ ಸರ್, ಆಗುತ್ತೆ" ಎನ್ನುತ್ತಾರೆ, ಅದೂ ನೌಕರಿಯ ಭಯವಿದ್ದಾಗ ಇನ್ನೂ ಬೇಗ. ಆದ್ದರಿಂದ ಅವರ ಒಪ್ಪಿಗೆಯೊಂದೇ ನನಗೆ ಸಾಲದು. ಆಗುವುದಿಲ್ಲ ಎಂದು ನಾನು ಬರೆಯುತ್ತಿಲ್ಲ; ಮೊದಲು ಏನಾಗಬೇಕು ಎಂದು ಬರೆಯುತ್ತಿದ್ದೇನೆ. ಇನ್ನಿಬ್ಬರು ಜನ, ರಾತ್ರಿ ಕರೆಗಳಿಗೆ ಪಾಳಿ, ಪದೇಪದೇ ಕೈಕೊಡುವ ಆ ಎರಡು ಭಾಗಗಳ ರಿಪೇರಿಗೆ ಒಂದು ತಿಂಗಳು. ಕಾಲುಭಾಗದ ಮಾತು ಅದಾದ ಮೇಲೆ. ಒಪ್ಪುತ್ತಾರೋ ಇಲ್ಲವೋ, ಪಟ್ಟಿಯ ಅನುಕ್ರಮವನ್ನಂತೂ ನಾನು ತಿರುಗಿಸುವುದಿಲ್ಲ.