ಕೊಂದದ್ದು ಯಾರಿಗಾಗಿ?

ಅಹಿಂಸೆ ಬೋಧಿಸಿದ ಬುದ್ಧನ ದಾರಿಯವರು ಮಾಂಸ ತಿನ್ನಬಹುದೇ? ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಹತ್ತಿರದ ಪುಟ್ಟ ಟಿಬೆಟನ್ ಹೋಟೆಲಿನಲ್ಲಿ ಕೂತಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ನನ್ನ ತಟ್ಟೆಯಲ್ಲಿ ಎಲೆಕೋಸಿನ ಮೊಮೊ, ಕೆಂಪು ಖಾರದ ಚಟ್ನಿ. ಎದುರಿನ ಮೇಜಿನಲ್ಲಿ ವಯಸ್ಸಾದ ಭಿಕ್ಷುವೊಬ್ಬರು ಹಬೆಯಾಡುವ ಮಾಂಸದ ಥುಕ್ಪಾ ಹೀರುತ್ತಿರುತ್ತಾರೆ.

ಭಿಕ್ಷುಗಳ ಶಿಸ್ತಿನ ಕಟ್ಟಳೆಯಾದ ವಿನಯದ ನಿಯಮ ಸ್ಪಷ್ಟವಾಗಿದೆ: ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಅಂಥ ಶಂಕೆಯೂ ಇರಬಾರದು; ಹಾಗಿದ್ದರೆ ಮಾಂಸ ತಿನ್ನಬಹುದು. ಲಂಕಾವತಾರ ಸೂತ್ರವಂತೂ ಮಾಂಸವನ್ನೇ ಬೇಡವೆನ್ನುತ್ತದೆ. ತರಕಾರಿ ಅಪರೂಪವಾದ ಟಿಬೆಟ್ಟಿನ ಎತ್ತರದಲ್ಲಿ ವಿನಯದ ಸಡಿಲಿಕೆಯೇ ಜನರನ್ನು ಕಾಪಾಡಿತು. ಅಲ್ಲಿಯವರ ಒಂದು ಲೆಕ್ಕ ನನ್ನ ಮನಸ್ಸಿಗೆ ನಾಟಿದೆ: ಒಂದು ಯಾಕ್ ಎಷ್ಟೋ ಜನರ ಹೊಟ್ಟೆ ತುಂಬಿಸುತ್ತದೆ, ಒಬ್ಬನ ಒಂದು ಹೊತ್ತಿನ ಸೀಗಡಿಗೆ ಎಷ್ಟು ಜೀವ! ಅಲ್ಲಿ ಲೆಕ್ಕ ಜೀವಗಳದ್ದು; ನಮ್ಮಲ್ಲಿ ಊಟದ ಮಾತು ಬಂದರೆ ಜಾತಿ ಮೊದಲು, ಪ್ರಾಣಿ ಕೊನೆಗೆ.

ಆದರೆ 1960ರ ದಶಕದಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟನ್ನರ ಮಕ್ಕಳು ಮುಸುಕಿನ ಜೋಳ ಬೆಳೆಯುತ್ತಾರೆ, ಸೊಪ್ಪು ಸಂತೆಯಲ್ಲೇ ಸಿಗುತ್ತದೆ. ಟಿಬೆಟನ್ ಬೌದ್ಧ ಗುರು ಕರ್ಮಪಾ ಓಗ್ಯೆನ್ ತ್ರಿನ್ಲೆ ದೋರ್ಜೆ 2007ರಲ್ಲಿ ತಮ್ಮ ಮಠಗಳ ಅಡುಗೆಮನೆಗೆ ಮಾಂಸ ಬೇಡವೆಂದರು. ನನಗೂ ಅದೇ ಸರಿ ಅನ್ನಿಸುತ್ತದೆ. ಮಾಂಸದಂಗಡಿ ಬೀದಿಯಲ್ಲೇ ಇರುವಾಗ ಶಂಕೆಯಿಲ್ಲವೆಂದು ಹೇಳುವುದು ಕಷ್ಟ. ಕೊಳ್ಳುವವರಿದ್ದಾರೆಂದೇ ಅಲ್ಲಿ ಕತ್ತಿ ಏಳುವುದು.