ಅಂಗಳದ ಮರ, ಕತ್ತಿ ಮತ್ತು ಅಹಿಂಸೆ

ಮನೆಯಂಗಳದ ಮರದ ಕೊಂಬೆ ಕಡಿಯುವುದು ಹಿಂಸೆಯೇ, ಆರೈಕೆಯೇ? ಭಾರತೀಯ ಚಿಂತನೆ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಜೈನ ದರ್ಶನದಲ್ಲಿ ಮರ ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವಿ. ಮಹಾವ್ರತ ಹಿಡಿದ ಮುನಿಗೆ ಹಸಿರೆಲೆ ಕೀಳುವುದೂ ನಿಷಿದ್ಧ. ಅಣುವ್ರತದ ಶ್ರಾವಕನಿಗೆ, ಅಂದರೆ ಗೃಹಸ್ಥನಿಗೆ, ಬಾಳುವೆಗೆ ಬೇಕಾದಷ್ಟು ಸ್ಥಾವರ ಹಿಂಸೆ, ಅಂದರೆ ಮರಗಿಡದಂಥ ಚಲಿಸದ ಜೀವಿಗಳ ಹಿಂಸೆ, ಅನಿವಾರ್ಯ. ಆದರೆ ಕಾರಣವಿಲ್ಲದೆ ಕಡಿಯುವುದು ‘ಅನರ್ಥದಂಡ’.

6ನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಶಸ್ತ್ರವನ್ನು ಮದ್ದಿನ ಸಾಲಿಗೆ ಸೇರಿಸುತ್ತಾನೆ. ರೋಗ ತಗುಲಿದ ಭಾಗವನ್ನು ಮೊದಲು ಕೊಯ್ದು ಶುದ್ಧಗೊಳಿಸಬೇಕು. ಬಳಿಕ ವಾಯುವಿಳಂಗ, ತುಪ್ಪ, ಕೆಸರು ಬಳಿದು ಹಾಲು ಬೆರೆಸಿದ ನೀರೆರೆಯಬೇಕು. ವಿಗ್ರಹಕ್ಕೆಂದು ಮರ ಕಡಿಯುವ ಮುನ್ನ ಅದನ್ನು ಪೂಜಿಸಿ, ಅಲ್ಲಿ ನೆಲೆಸಿದ ಜೀವಿಗಳನ್ನು ಬೇರೆಡೆ ಹೋಗುವಂತೆ ಬೇಡಿಕೊಳ್ಳಬೇಕು ಎಂಬುದೂ ಅದರಲ್ಲಿದೆ.

ಕೊಯ್ಯುವ ರೀತಿಯಲ್ಲೇ ಹಿಂಸೆ ಹೆಚ್ಚು ಕಡಿಮೆಯಾಗುತ್ತದೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಉಂಗುರದಂತೆ ಉಬ್ಬಿದ ಪಟ್ಟಿಯಿರುತ್ತದೆ. ಅದರ ಹೊರ ಅಂಚಿಗೆ ಕೊಯ್ದರೆ ಹೊಸ ತೊಗಟೆ ಸುತ್ತಲಿಂದ ಬೆಳೆದು ಗಾಯವನ್ನು ಮುಚ್ಚುತ್ತದೆ. ಪಟ್ಟಿಯನ್ನೇ ಸವರಿದರೆ, ಇಲ್ಲವೇ ಉದ್ದ ಮೋಟು ಬಿಟ್ಟರೆ, ಕೊಳೆ ಒಳಗಿಳಿಯುತ್ತದೆ. ಭಾರದ ಕೊಂಬೆಗೆ ಮೊದಲು ಅಡಿಯಿಂದ ಕಚ್ಚು ಹಾಕದಿದ್ದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಬರುತ್ತದೆ. ನೆತ್ತಿ ಬೋಳಿಸಿದ ಮರ ಎಲೆ ಕಳೆದುಕೊಂಡು ಹಸಿಯುತ್ತದೆ.

ಅಗತ್ಯ, ಮಿತಿ, ಕೌಶಲ ಈ ಮೂರೂ ಕೂಡಿದಲ್ಲಿ ಕತ್ತಿ ಆರೈಕೆಯಾಗುತ್ತದೆ. ಒಂದು ತಪ್ಪಿದರೂ ಹಿಂಸೆಯೇ. ಕಾನೂನೂ ಕತ್ತಿಗೆ ಮಿತಿ ಹಾಕಿದೆ: ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿಯಿರುವ ಜಾತಿಗಳನ್ನು ಬಿಟ್ಟು, ಸ್ವಂತ ಅಂಗಳದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು.