ಅಡುಗೆಯ ಕಟ್ಟೆ

ಮನೆ ಕಟ್ಟಿಸುವವನು ಎಷ್ಟೋ ವಿಷಯಗಳಲ್ಲಿ ಬಲ್ಲವರನ್ನು ಕೇಳುತ್ತಾನೆ. ತಲೆಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ, ಗೃಹಪ್ರವೇಶಕ್ಕೆ ಯಾವ ಲಗ್ನ ಎಂಬುದನ್ನೆಲ್ಲ ಶಾಸ್ತ್ರದ ಒಪ್ಪಿಗೆ ಪಡೆದೇ ನಿಶ್ಚಯಿಸುತ್ತಾನೆ. ಆದರೆ ಅಡುಗೆಯ ಕಟ್ಟೆಗೆ ಯಾವ ಕಲ್ಲು ಹಾಸಬೇಕು, ಕಟ್ಟೆ ಎಷ್ಟು ಎತ್ತರವಿರಬೇಕು, ಅದರ ಕೆಳಗಣ ಬೀರುಗಳು ಯಾವ ಮರದವಾಗಬೇಕು ಎಂಬ ಪ್ರಶ್ನೆ ಬಂದಾಗ ತನ್ನ ಕಣ್ಣನ್ನೂ ಕೈಚೀಲವನ್ನೂ ಬಿಟ್ಟು ಬೇರೆ ಯಾರನ್ನೂ ಕೇಳುವುದಿಲ್ಲ. ಅದು ಅಭಿರುಚಿಯ ಮಾತು, ಹಣದ ಮಾತು. ಧರ್ಮಾಧರ್ಮ ವಿಚಾರಕ್ಕೆ ಅಲ್ಲಿ ಎಡೆಯಿಲ್ಲವೆಂಬುದು ನಮ್ಮೆಲ್ಲರ ಭಾವನೆ. ನಾನೂ ಹಾಗೆಯೇ ಎಣಿಸಿದ್ದೆನು. ಆ ಎಣಿಕೆ ನನ್ನಲ್ಲಿ ಸಡಿಲಿದ ಬಗೆಯನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಅಡುಗೆಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸಿದೆವು. ಕಲ್ಲನ್ನು ಆರಿಸುವ ಕೆಲಸವನ್ನು ನಾನೇ ವಹಿಸಿಕೊಂಡೆನು. ಅಂಗಡಿಯಲ್ಲಿ ಚಪ್ಪಡಿಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದ್ದರು. ಅಮೃತಶಿಲೆ ಕಣ್ಣಿಗೆ ತಂಪಾಗಿತ್ತು. ಆದರೆ ಅದು ಸುಣ್ಣದ ಜಾತಿಯ ಕಲ್ಲು, ಹುಳಿಯನ್ನು ಸಹಿಸದು. ನಿಂಬೆಯ ಹೋಳನ್ನೋ ಹುಣಿಸೆ ಕಿವುಚಿದ ಪಾತ್ರೆಯನ್ನೋ ಅದರ ಮೇಲೆ ಒಂದು ಗಳಿಗೆ ಮರೆತರೆ ಹೊಳಪು ಹೋಗಿ ಬಿಳಿಯ ಗುರುತು ನಿಲ್ಲುವುದು. ದಿನಕ್ಕೆ ಎರಡು ಬಾರಿ ಸಾರು ಹುಳಿ ಮಾಡುವ ಮನೆಗೆ ಅದು ಒಗ್ಗುವ ಕಲ್ಲಲ್ಲ. ಕಡಪದ ಕಪ್ಪು ಕಲ್ಲೂ ಸುಣ್ಣಕಲ್ಲೇ. ಅಗ್ಗವೆಂಬುದೊಂದೇ ಅದರ ಗುಣ. ಚಾಮರಾಜನಗರದ ಕಡೆಯ ಕಪ್ಪು ಕಲ್ಲು ಇತ್ತು, ಇಳಕಲ್ಲಿನ ಕೆಂಪು ಗ್ರಾನೈಟ್ ಇತ್ತು. ಇವುಗಳಾಚೆಗೆ, ಹಾಲಿನ ಕೆನೆಯಂತೆ ಒಂದೇ ಸಮನಾದ ಬಿಳುಪಿನ ಕೃತಕ ಶಿಲೆ ಇತ್ತು. ಬೆಣಚುಕಲ್ಲನ್ನು ಪುಡಿಮಾಡಿ ರಾಳದಿಂದ ಅಂಟಿಸಿ ಒತ್ತಿ ಮಾಡಿದ್ದು ಅದು. ಅದರ ಬೆಲೆಯನ್ನು ಕೇಳಿದೊಡನೆ ಕೈಬಿಟ್ಟೆನು. ಮುಂದೆ ಹೇಳಲಿರುವ ಸಂಗತಿಯನ್ನು ಕಂಡರೆ ಇದು ಪುಣ್ಯದ ಕೆಲಸವಾಗಿ ತೋರೀತು, ಆದರೆ ಪುಣ್ಯ ನನ್ನ ಬಡತನದ್ದೇ ಹೊರತು ನನ್ನದಲ್ಲ. ಕೊನೆಗೆ ಇಳಕಲ್ಲಿನ ಕಲ್ಲನ್ನು ಕೊಂಡೆನು.

ಮೇಸ್ತ್ರಿ, ‘ಯಜಮಾನ್ರೆ, ಕಟ್ಟೆ ಎಷ್ಟೆತ್ತರ ಬರಬೇಕು?’ ಎಂದು ಕೇಳಿದನು. ಅಂಗಡಿಯಲ್ಲಿ ಕೊಟ್ಟಿದ್ದ ಬಣ್ಣದ ಪುಸ್ತಿಕೆಯನ್ನು ನೋಡಿ, ‘36 ಅಂಗುಲ’ ಎಂದೆನು. ಆ ಕಟ್ಟೆಯ ಮುಂದೆ ದಿನವೂ ನಿಲ್ಲತಕ್ಕವರು ನಮ್ಮ ಮನೆಯವರು. ಅವರು ಆಗ ಹತ್ತು ಮಾರಿನಾಚೆ ಅಕ್ಕಿ ಆರಿಸುತ್ತ ಕುಳಿತಿದ್ದರು. ಅವರನ್ನು ಕರೆದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ಕಲ್ಲು ಕೊಯ್ಯುವ ಹುಡುಗ ಬಂದನು. ಇಪ್ಪತ್ತರ ಒಳಗಿನ ವಯಸ್ಸು. ನಮ್ಮ ಅಂಗಳದಲ್ಲಿ, ತುಲಸಿಯ ಕಟ್ಟೆಯ ಬದಿಯಲ್ಲಿ, ಚಪ್ಪಡಿಯನ್ನು ಮಲಗಿಸಿ, ಮುಖಕ್ಕೆ ಒಂದು ಟವೆಲನ್ನು ಸುತ್ತಿಕೊಂಡು, ತಿರುಗುವ ಅಲಗಿನ ಯಂತ್ರದಿಂದ ಒಣಗಿದ ಕಲ್ಲನ್ನು ಹಾಗೆಯೇ ಕೊಯ್ದನು. ತೊಟ್ಟಿಗೆ ಕಂಡಿ ಬಿಡುವುದು, ಅಂಚನ್ನು ಉರುಟು ಮಾಡುವುದು, ಎಲ್ಲವೂ ಅಲ್ಲಿಯೇ. ಬಿಳಿಯ ಧೂಳು ಮೋಡದಂತೆ ಎದ್ದು ಅವನನ್ನು ಮರೆಮಾಡಿತು. ತುಲಸಿಯ ಎಲೆಗಳು ಬೂದಿ ಬಳಿದಂತಾದುವು. ನಾನು ಮಾಡಿದ್ದೇನು? ಧೂಳು ಒಳಗೆ ಬಂದು ಪುಸ್ತಕಗಳ ಮೇಲೆ ಕೂರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದೆನು. ಸಂಜೆ ಆ ಹುಡುಗನಿಗೆ ಊಟ ಹಾಕಿಸಿ, ಕೂಲಿಯ ಮೇಲೆ ನೂರು ರೂಪಾಯಿ ಹೆಚ್ಚಾಗಿ ಕೊಟ್ಟು, ಉದಾರಿಯೆಂದು ನನ್ನನ್ನು ನಾನೇ ಮೆಚ್ಚಿಕೊಂಡೆನು.

ಆ ಧೂಳೆಂಥದೆಂಬುದನ್ನು ನಾನು ಓದಿ ತಿಳಿದದ್ದು ಆಮೇಲೆ. ಗ್ರಾನೈಟಿನಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬೆಣಚು ಇರುತ್ತದೆ. ಬೆಣಚೆಂದರೆ ಹರಳುಗಟ್ಟಿದ ಸಿಲಿಕ. ಕೊಯ್ಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವುದು ಅಷ್ಟು ಅಪಾಯದ್ದಲ್ಲ. ಅದು ಮೂಗಿನಲ್ಲಿಯೇ ನಿಲ್ಲುತ್ತದೆ. ಕಾಣದಿರುವುದು, ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಸಣ್ಣದು, ಟವೆಲಿನ ನೂಲುಗಳ ನಡುವೆ ನುಸುಳಿ ಶ್ವಾಸಕೋಶದ ತಳವನ್ನು ಮುಟ್ಟುತ್ತದೆ. ಅಲ್ಲಿಂದ ಹೊರಕ್ಕೆ ಬಾರದೆ ನೆಲಸಿ, ಸುತ್ತಣ ಮಾಂಸವನ್ನು ಗಾಯದ ಕಲೆಯಂತೆ ಗಡುಸು ಮಾಡುತ್ತದೆ. ಇದೇ ಸಿಲಿಕೋಸಿಸ್ ಎಂಬ ರೋಗ. ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಮೇಲ್ಪಟ್ಟು ಧೂಳನ್ನು ಕುಡಿದ ಮೇಲೆ ಕಾಣಿಸಿಕೊಳ್ಳುವುದು. ಕಾಣಿಸಿಕೊಂಡ ಮೇಲೆ ಅದನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ಕ್ಷಯ ಇಂಥವರನ್ನು ಬೇಗ ಹಿಡಿಯುತ್ತದೆ. ಕನ್ನಡನಾಡಿಗೆ ಇದು ಹೊಸದೇನೂ ಅಲ್ಲ. 2001ರಲ್ಲಿ ಮುಚ್ಚಿಹೋದ ಕೋಲಾರದ ಚಿನ್ನದ ಗಣಿಗಳ ಕೆಲಸಗಾರರಲ್ಲಿ ಈ ರೋಗವಿದ್ದುದನ್ನು 1940ರ ದಶಕದಲ್ಲಿಯೇ ವೈದ್ಯರು ಬರೆದಿಟ್ಟಿದ್ದಾರೆ. 1948ರ ಕಾರ್ಖಾನೆಗಳ ಕಾಯಿದೆಯಲ್ಲಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇದರ ಹೆಸರಿತ್ತು. ನಮ್ಮ ಅಂಗಳ ಕಾರ್ಖಾನೆಯಲ್ಲವಷ್ಟೆ.

ನಾನು ಬೆಲೆಗೆ ಹೆದರಿ ಬಿಟ್ಟ ಕೃತಕ ಶಿಲೆಯ ಕಥೆ ಇನ್ನೂ ಕಠಿನವಾದುದು. ಅಂಥ ಚಪ್ಪಡಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸಿಲಿಕವಿರುವುದುಂಟು. ಅದನ್ನು ಒಣಗಿದಂತೆಯೇ ಕೊಯ್ದ 25 ಮಂದಿ ಕೆಲಸಗಾರರ ಸ್ಥಿತಿಯನ್ನು ಇಸ್ರೇಲಿನ ವೈದ್ಯರು 2012ರಲ್ಲಿ ಪ್ರಕಟಿಸಿದರು. ಆಸ್ಟ್ರೇಲಿಯಾದಲ್ಲಿ ನಡುವಯಸ್ಸು ಕೂಡ ಮುಟ್ಟದವರು ಕೆಲವೇ ವರ್ಷಗಳ ಕೆಲಸದಿಂದ ಉಸಿರುಗೆಡುವುದನ್ನು ಕಂಡು, 2024ರ ಜುಲೈ 1ರಿಂದ ಅದರ ತಯಾರಿಕೆಯನ್ನೂ ಮಾರಾಟವನ್ನೂ ಕೊಯ್ತವನ್ನೂ ನಿಷೇಧಿಸಿದರು. ಅಡುಗೆಮನೆಯ ಅಂದಕ್ಕೆಂದು ಹುಟ್ಟಿದ ಪದಾರ್ಥವೊಂದನ್ನು ಒಂದು ದೇಶ ಹೀಗೆ ಬಾಗಿಲಾಚೆಗೆ ಹಾಕಬೇಕಾಯಿತು.

ಈ ಸಂದರ್ಭದಲ್ಲಿ ನನಗೆ ಪಂಚಸೂನೆಗಳು ನೆನಪಾದುವು. ಸೂನೆಯೆಂದರೆ ವಧಸ್ಥಾನ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಗೃಹಸ್ಥನಿಗೆ ಇಂತಹವು ಐದು ಎಂದು ಹೇಳಿದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಆ ಗ್ರಂಥದಲ್ಲಿ ನಾವು ಇಂದು ಒಪ್ಪಲಾಗದ ಮಾತುಗಳು ಬೇಕಾದಷ್ಟಿವೆ. ಆದರೆ ಇದೊಂದು ಮಾತಿಗೆ ನಾನು ತಲೆಬಾಗುತ್ತೇನೆ. ಹಿಂಸೆಯನ್ನು ಹುಡುಕಲು ಹೊರಟವರು ಯುದ್ಧಭೂಮಿಗೆ ಹೋಗಲಿಲ್ಲ, ಕಟುಕನ ಅಂಗಡಿಗೂ ಹೋಗಲಿಲ್ಲ. ನೇರವಾಗಿ ಅಡುಗೆಮನೆಗೆ ಬಂದು ಅಲ್ಲಿಯ ಸಾಮಾನುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಈ ಹಿಂಸೆಯ ಪರಿಹಾರಕ್ಕಾಗಿ ಅಧ್ಯಯನ, ತರ್ಪಣ, ಹೋಮ, ಬಲಿ, ಅತಿಥಿಸತ್ಕಾರಗಳೆಂಬ ಐದು ನಿತ್ಯಯಜ್ಞಗಳನ್ನು ವಿಧಿಸಿದರು.

ಹಾಗಾದರೆ ಕಟ್ಟೆಯ ಕಲ್ಲನ್ನು ಆರನೆಯ ಸೂನೆಯೆಂದು ಪಟ್ಟಿಗೆ ಸೇರಿಸಿ, ಅತಿಥಿಗೆ ಅನ್ನವಿಕ್ಕಿ ಸಮಾಧಾನದಿಂದಿರಬಹುದೇ? ಮೊದಲು ನನಗೆ ಹಾಗೆಯೇ ತೋರಿತು. ಹುಡುಗನಿಗೆ ಹಾಕಿಸಿದ ಊಟ, ಕೊಟ್ಟ ನೂರು ರೂಪಾಯಿ ಈ ಲೆಕ್ಕಕ್ಕೆ ಜಮೆಯಾಗಬಾರದೇಕೆ? ಯೋಚಿಸಿದಷ್ಟೂ ಈ ಹೋಲಿಕೆ ಸರಿಯಲ್ಲವೆಂದು ಕಂಡಿತು. ಒಲೆಯಲ್ಲಿ ಇರುವೆ ಬೀಳುವುದು ನಮ್ಮ ಅರಿವಿಲ್ಲದೆ. ಅರಿತರೂ ತಡೆಯುವುದು ನಮ್ಮ ಅಳವಲ್ಲ. ಬದುಕಬೇಕಾದರೆ ಬೇಯಿಸಬೇಕು, ಬೇಯಿಸಿದರೆ ಯಾವುದೋ ಜೀವ ಸಾಯುವುದು. ಪ್ರಾಯಶ್ಚಿತ್ತವೆಂಬುದು ಇಂತಹ ಅನಿವಾರ್ಯಕ್ಕೆ. ಕಲ್ಲಿನ ಧೂಳು ಅನಿವಾರ್ಯವಲ್ಲ. ಅಲಗಿನ ಮೇಲೆ ನೀರು ಬೀಳುತ್ತಿದ್ದರೆ ಅದರ ಬಹುಭಾಗ ಕೆಸರಾಗಿ ನೆಲಕ್ಕಿಳಿಯುತ್ತದೆ, ಗಾಳಿಗೇರುವುದಿಲ್ಲ. ತಪ್ಪಿಸಬಹುದಾದ ಹಿಂಸೆಯನ್ನು ಉಳಿಸಿಕೊಂಡು ದಾನದಿಂದ ಅದನ್ನು ತೊಳೆಯಹೊರಡುವುದು, ನೀರಿಗೆ ತಗಲುವ ಖರ್ಚನ್ನು ಉಳಿಸಿ ತುಪ್ಪದ ದೀಪ ಹಚ್ಚಿದ ಹಾಗೆ.

ಇದಕ್ಕೆ ಆಕ್ಷೇಪಣೆಗಳುಂಟು. ‘ಆ ಹುಡುಗ ನನ್ನ ಆಳಲ್ಲ, ಅವನನ್ನು ಕಳುಹಿಸಿದವನು ಅಂಗಡಿಯವನು, ಅವನ ಮೇಲೆ ಗುತ್ತಿಗೆದಾರ, ಅದರ ಮೇಲೆ ಕಾನೂನು, ಕೊಂಡವನೊಬ್ಬನನ್ನೇ ಹಿಡಿಯುವುದು ಯಾವ ನ್ಯಾಯ?’ ಎಂದು ಸ್ನೇಹಿತರೊಬ್ಬರು ಕೇಳಿದರು. ಹೊಣೆ ಹತ್ತು ಮಂದಿಯಲ್ಲಿ ಹಂಚಿಹೋಗಿರುವುದು ನಿಜ. ಆದರೆ ಹಂಚಿದ ಆಸ್ತಿಯಲ್ಲಿ ನಮ್ಮ ಪಾಲು ಕಡಮೆಯಾದರೂ ನಾವು ಅದನ್ನು ಬಿಡುವುದಿಲ್ಲ. ಹಂಚಿದ ಹೊಣೆಯಲ್ಲಿ ಮಾತ್ರ ಪಾಲು ಸಣ್ಣದಾದೊಡನೆ ಅದು ಸೊನ್ನೆಯೆಂದು ಲೆಕ್ಕ ಹಾಕುತ್ತೇವೆ. ಅಲ್ಲದೆ ಆ ದಿನ ಆ ಅಂಗಳದಲ್ಲಿ ಅಂಗಡಿಯವನಿರಲಿಲ್ಲ, ಗುತ್ತಿಗೆದಾರನಿರಲಿಲ್ಲ, ಕಾನೂನಂತೂ ಇರಲಿಲ್ಲ. ಧೂಳನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಧೂಳು ಕೆಟ್ಟದ್ದೆಂದು ನನಗೆ ತಿಳಿದಿರಲಿಲ್ಲವೆನ್ನಲು ಕಿಟಕಿಗಳು ಬಿಡುವುದಿಲ್ಲ.

‘ಎಲ್ಲರೂ ಹೀಗೆ ಯೋಚಿಸಿದರೆ ಆ ಹುಡುಗನ ಅನ್ನವೇ ಹೋದೀತು’ ಎಂಬುದು ಇನ್ನೊಂದು ಮಾತು. ಕಲ್ಲನ್ನು ಕೊಳ್ಳಬೇಡಿರೆಂದು ನಾನು ಹೇಳುತ್ತಿಲ್ಲ. ಅಳತೆಯನ್ನು ಮೊದಲೇ ಸರಿಯಾಗಿ ತೆಗೆದುಕೊಟ್ಟರೆ, ನೀರು ಹರಿಯುವ ದೊಡ್ಡ ಯಂತ್ರವಿರುವ ಕಡೆಯಲ್ಲಿಯೇ ಕೊಯ್ತ, ಕಂಡಿ, ಅಂಚು ಎಲ್ಲವನ್ನೂ ಮುಗಿಸಿ ತರಬಹುದು; ಮನೆಯಲ್ಲಿ ಕೂಡಿಸುವ ಕೆಲಸವೊಂದೇ ಉಳಿಯುವುದು. ಕೈಯಲ್ಲಿ ಹಿಡಿಯುವ ಸಾಮಾನ್ಯ ವಿದ್ಯುತ್ ಯಂತ್ರಕ್ಕೆ ನೀರು ಸುರಿಯಹೋಗುವುದು ಬೇರೆ ಅಪಾಯ. ಆದ್ದರಿಂದ ಈ ಮಾರ್ಗವೇ ಮೇಲು. ಒಂದು ಸಲ ಹೆಚ್ಚಿಗೆ ಗಾಡಿಯ ಬಾಡಿಗೆ, ಎರಡು ದಿನದ ತಡ: ಆಗುವ ನಷ್ಟ ಇಷ್ಟೆ. ಬಣ್ಣ ಯಾವುದಾದರೂ ಆದೀತೆನ್ನುವವರು ಕಪ್ಪು ಕಲ್ಲನ್ನೇ ಕೊಳ್ಳಬಹುದು. ಚಾಮರಾಜನಗರದ ಕಪ್ಪು ಕಲ್ಲನ್ನು ವ್ಯಾಪಾರದಲ್ಲಿ ಗ್ರಾನೈಟೆಂದು ಕರೆದರೂ ಅದು ಡಾಲರೈಟ್ ಎಂಬ ಬೇರೆ ಜಾತಿಯ ಶಿಲೆ. ಬೆಣಚು ಅದರಲ್ಲಿ ಬಹಳ ಕಡಮೆ. ಹಾಗೆಂದು ಅದರ ಧೂಳನ್ನು ಕುಡಿಯಬಹುದೆಂದಲ್ಲ.

ಬೀರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ತೊಟ್ಟಿಯ ಕೆಳಗೆ ಹೊಟ್ಟಿನ ಹಲಗೆ ಒಂದು ಮಳೆಗಾಲ ನಿಲ್ಲದು. 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುವ ಐ.ಎಸ್. 710 ಗುರುತಿನ ಪ್ಲೈವುಡ್ ಆದೀತು, ಇಲ್ಲವೇ ಉಕ್ಕು. ತಳದಲ್ಲಿ ಆಳವಾದ ಗೂಡುಗಳಿಗಿಂತ ಎಳೆಯುವ ಡ್ರಾಯರುಗಳು ಒಳ್ಳೆಯವು, ಮಂಡಿಯೂರಿ ತಲೆ ತೂರಿಸಬೇಕಾಗುವುದಿಲ್ಲ.

ಎತ್ತರದ ಮಾತಿಗೆ ಬರುತ್ತೇನೆ; ಅಲ್ಲಿ ನನ್ನ ತಪ್ಪು ಇನ್ನೂ ಹತ್ತಿರದ್ದು. ನಮ್ಮ ಹಿರಿಯರ ಅಡುಗೆ ನೆಲದ ಮೇಲೆ. ಈಳಿಗೆಮಣೆ, ತುರಿಯುವ ಮಣೆ, ಒರಳು, ಒಲೆ ಎಲ್ಲವೂ ಕುಳಿತವರ ಕೈಗೆ ಎಟಕುವಂತಹವು. ಗ್ಯಾಸಿನ ಒಲೆ ಬಂದ ಮೇಲೆ ಕಟ್ಟೆ ಬಂದಿತು, ಅಡುಗೆ ಎದ್ದು ನಿಂತಿತು. ನಿಂತವರು ಯಾರು, ಅವರ ಮೈಯಳತೆಯೇನು ಎಂಬುದನ್ನು ಮಾತ್ರ ಕೇಳಿದವರು ಕಡಮೆ. ಕೆಲಸದ ಕಟ್ಟೆ ನಿಂತವರ ಮೊಣಕೈಗಿಂತ ಎರಡರಿಂದ ನಾಲ್ಕು ಅಂಗುಲ ಕೆಳಗಿರಬೇಕೆಂಬುದು ಬಲ್ಲವರ ಮತ. ಹಿಟ್ಟು ನಾದುವ ಜಾಗ ಇನ್ನಷ್ಟು ತಗ್ಗು. ನಮ್ಮ ಮನೆಯವರ ಎತ್ತರ ಐದಡಿ. 36 ಅಂಗುಲದ ಕಟ್ಟೆ, ಅದರ ಮೇಲೆ 5 ಅಂಗುಲದ ಒಲೆ, ಅದರ ಮೇಲೆ 8 ಅಂಗುಲದ ಪಾತ್ರೆ: ಒಟ್ಟು 49 ಅಂಗುಲ. ಐದಡಿಯವರಿಗೆ ಅದು ಹೆಚ್ಚುಕಡಮೆ ಹೆಗಲಿನ ಮಟ್ಟ. ರಾಗಿಯ ಹಿಟ್ಟನ್ನು ಕೋಲಿನಿಂದ ತೊಳಸುವವರು ಮೇಲಿನಿಂದ ಮೈಭಾರವನ್ನು ಬಿಡಬೇಕು. ಹೆಗಲಿನ ಮಟ್ಟದಲ್ಲಿ ಭಾರ ಬಿಡುವುದೆಲ್ಲಿಂದ? ಮೊದಲ ದಿನವೇ ಅವರು ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ನೆಲದ ಮೇಲೆಯೇ ಮುದ್ದೆ ಮಾಡಿದರು. ನಾನು ಅದನ್ನು ಹಳೆಯ ಅಭ್ಯಾಸವೆಂದು ನಕ್ಕೆನು. ಬಲಗೈ ಎತ್ತಲಾಗದಂತೆ ಹೆಗಲು ಹಿಡಿದುಕೊಂಡದ್ದು ಎರಡನೆಯ ವರ್ಷ.

ಅಡುಗೆಮನೆಯನ್ನು ಅಳತೆಯಿಂದ ಕಟ್ಟಬೇಕೆಂದು ಹೊರಟವರು ಇಲ್ಲದಿಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ 1926ರಲ್ಲಿ, ಕೆಲಸಗಾರರ ಮನೆಗಳಿಗಾಗಿ, ಮಾರ್ಗರೆಟೆ ಷ್ಯೂಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆಯನ್ನು ಯೋಜಿಸಿದರು. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದನ್ನು ಕಟ್ಟಿದರು. ಹೆಜ್ಜೆಗಳನ್ನು ಎಣಿಸಿ, ಕಿಟಕಿಯ ಕೆಳಗೆ ಕುಳಿತು ಕೆಲಸ ಮಾಡುವ ಕಟ್ಟೆಯನ್ನೂ ತಿರುಗುವ ಪೀಠವನ್ನೂ ಅವರು ಇಟ್ಟರು. ಅಷ್ಟಾಗಿಯೂ ಆ ಕೋಣೆ ಒಬ್ಬರೇ ನಿಲ್ಲುವಷ್ಟು ಇಕ್ಕಟ್ಟಾಗಿತ್ತೆಂಬ ದೂರು ಬಂದಿತು. ತಮಗೆ ಆ ಕಾಲಕ್ಕೆ ಅಡುಗೆಯ ಅನುಭವವೇ ಇರಲಿಲ್ಲವೆಂದು ಆಕೆ ಮುಂದೆ ಒಪ್ಪಿಕೊಂಡರು. ಅಷ್ಟು ಶ್ರದ್ಧೆಯಿಂದ ಅಳೆದವರಿಗೇ ಹೀಗಾದರೆ, ಬಣ್ಣದ ಪುಸ್ತಿಕೆಯನ್ನು ನೋಡಿ ಅಂಕಿ ಹೇಳಿದವನ ಪಾಡೇನು!

ನಮ್ಮ ಮನೆಯ ಕಟ್ಟೆಯನ್ನು ಒಡೆಸುವುದಾಗಲಿಲ್ಲ. ಒಡೆಸಿದರೆ ಮತ್ತೆ ಕೊಯ್ತ, ಮತ್ತೆ ಧೂಳು. ಮದುವೆಯ ಕಾಲದ ಒಂದು ಹಲಸಿನ ಮಣೆ ಅಟ್ಟದಲ್ಲಿತ್ತು. ಕುಳಿತು ಊಟ ಮಾಡಲೆಂದು ಮಾಡಿಸಿದ್ದು. ಅದನ್ನು ಕೆಳಗಿಳಿಸಿ ಒಲೆಯ ಮುಂದೆ ಹಾಕಿದೆವು. ಈಗ ನಮ್ಮ ಮನೆಯವರು ಅದರ ಮೇಲೆ ನಿಂತು ಅಡುಗೆ ಮಾಡುತ್ತಾರೆ.

ಹೋದ ವರ್ಷ ನನ್ನ ಭಾವಮೈದುನನು ಮನೆ ಕಟ್ಟಿಸಿದಾಗ ಕೆಲಸಕ್ಕೆ ಬಂದವನು ಅದೇ ಮೇಸ್ತ್ರಿ. ಕಟ್ಟೆಯ ಅಳತೆಯನ್ನು ಭಾವಮೈದುನನ ಹೆಂಡತಿಯ ಮೊಣಕೈಯಿಂದ ತೆಗೆದೆವು, 33 ಅಂಗುಲವಾಯಿತು. ಕಲ್ಲು ಕೊಯ್ದು, ಅಂಚು ತೀಡಿ, ಕಂಡಿ ಬಿಟ್ಟು ಬಂದಿತು. ಕೂಡಿಸಲು ಬಂದವರು ಇಬ್ಬರು ಹೊಸಬರು. ನಮ್ಮ ಮನೆಯ ಕಲ್ಲನ್ನು ಕೊಯ್ದ ಹುಡುಗ ಈಗೆಲ್ಲಿದ್ದಾನೆಂದು ಮೇಸ್ತ್ರಿಯನ್ನು ವಿಚಾರಿಸಿದೆನು.

‘ಯಾವ ಹುಡುಗ, ಸ್ವಾಮಿ? ಎಷ್ಟೋ ಜನ ಬರ್ತಾರೆ, ಹೋಗ್ತಾರೆ. ಹೆಸರು ಹೇಳಿ, ವಿಚಾರಿಸ್ತೀನಿ’ ಎಂದನು.

ಹೆಸರನ್ನು ನಾನು ಕೇಳಿರಲಿಲ್ಲ.